ಕ್ರೇನ್‌ಗೆ ಹಾಕಿದ ಕೋಟಿ, ಗೇಟಿನಲ್ಲಿ ನಿಂತ ಲಾರಿ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಕಾರ್ಖಾನೆ ಇದೆ. ಪಂಪಿನ ಬಿಡಿಭಾಗ ಮಾಡಿ ಯುರೋಪಿಗೆ ಕಳಿಸುತ್ತೇವೆ. ತಿಂಗಳಿಗೆ ಎರಡೋ ಮೂರೋ ಕಂಟೇನರ್, ಚೆನ್ನೈ ಮೂಲಕ. ಪೇಪರ್ ಬಿಡಿಸಿದರೆ ಮಹಾರಾಷ್ಟ್ರದ ವಾಧವನ್, ಕೇರಳದ ವಿಳಿಂಜಂ, ಸಿಂಗಪುರ, ಪೆರು ಅಂತ ಎಲ್ಲೆಡೆ ಸಾವಿರಾರು ಕೋಟಿ ಸುರಿದು ಕಂಟೇನರ್ ಟರ್ಮಿನಲ್ ಕಟ್ಟುವ ಸುದ್ದಿ. ಇಷ್ಟು ಹಣ ಯಾರದು, ಯಾಕೆ ಹಾಕುತ್ತಾರೆ? ಯಂತ್ರಗಳೇ ಎಲ್ಲ ಮಾಡುವ ಟರ್ಮಿನಲ್ ಬಂದರೆ ನಮ್ಮ ಬಾಕ್ಸ್ ಬೇಗ ಹೋಗುತ್ತದೆಯೇ? ಮಂಗಳೂರು ನಮ್ಮ ಬಂದರು ಆಗುವುದು ಯಾವಾಗ? ಬಂದರು ಕಂಪನಿಗಳ ಷೇರಿನಲ್ಲಿ ಸ್ವಲ್ಪ ಉಳಿತಾಯ ಹಾಕಬಹುದೇ?

ಉತ್ತರ: ಬಂದರಿನಲ್ಲಿ ಬಾಕ್ಸ್ ಪೇರಿಸುವ ಅಂಗಳದ, ಅಂದರೆ ಯಾರ್ಡಿನ, ಪ್ಲಾನಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕಳೆದ ನನಗೆ ನಿಮ್ಮ ನಾಲ್ಕೂ ಪ್ರಶ್ನೆಗಳು ಒಂದೇ ಪ್ರಶ್ನೆಯಾಗಿ ಕಾಣುತ್ತವೆ: ಬಾಕ್ಸ್ ಎಲ್ಲಿ, ಎಷ್ಟು ಹೊತ್ತು ಸುಮ್ಮನೆ ನಿಂತಿದೆ? ಯಾವ ಟರ್ಮಿನಲ್‌ಗೆ ಎಷ್ಟು ಕೋಟಿ ಬಿತ್ತು ಎಂಬ ಸುದ್ದಿ ಬಂದಾಗಲೂ ನಾನು ಅಳೆಯುವುದು ಇದೇ ಕೋಲಿನಿಂದ. ನಿಮ್ಮ ಬಾಕ್ಸ್ ಪೀಣ್ಯ ಬಿಟ್ಟು ಹೊಸೂರು, ಕೃಷ್ಣಗಿರಿ, ವೇಲೂರು ದಾಟಿ ಚೆನ್ನೈ ಮುಟ್ಟಲು ಒಂದು ರಾತ್ರಿ ಸಾಕು. ಆಮೇಲೆ ಹಡಗು ಹತ್ತುವವರೆಗೆ ಎಷ್ಟು ದಿನ ಆಗುತ್ತಿದೆ? ಆ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಈ ಹೂಡಿಕೆಯನ್ನೆಲ್ಲ ಹಿಂದಿನಿಂದ ನೂಕುತ್ತಿರುವುದು ಹಡಗಿನ ಗಾತ್ರ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕ ‘ಐಡಿಯಲ್ ಎಕ್ಸ್’ ಎಂಬ ಹಳೆಯ ತೈಲ ಹಡಗಿನ ಮೇಲೆ 58 ಪೆಟ್ಟಿಗೆ ಇಟ್ಟು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಮೂಟೆ, ಪೀಪಾಯಿ ಎಂದು ಬಿಡಿ ಸರಕನ್ನು ಹಮಾಲರ ಕೈಯಲ್ಲಿ ತುಂಬಿಸಲು ಆಗ ಟನ್ನಿಗೆ 5.86 ಡಾಲರ್ ಬೀಳುತ್ತಿತ್ತು. ಪೆಟ್ಟಿಗೆಯಲ್ಲಿ ಹಾಕಿದಾಗ ಅದು 16 ಸೆಂಟಿಗೆ ಇಳಿಯಿತು. ಅಲ್ಲಿಂದ ಬೆಳೆಯುತ್ತಾ ಬಂದ ಹಡಗು ಇವತ್ತು 400 ಮೀಟರ್ ಉದ್ದ, 61 ಮೀಟರ್ ಅಗಲ. 2025ರ ಜೂನ್‌ನಲ್ಲಿ ವಿಳಿಂಜಂಗೆ ಬಂದ ‘ಎಂಎಸ್‌ಸಿ ಐರಿನಾ’ ಹೊರಬಲ್ಲದ್ದು 24,346 ಟಿಇಯು. ಟಿಇಯು ಎಂದರೆ 20 ಅಡಿ ಬಾಕ್ಸಿನ ಅಳತೆ. ನಿಮ್ಮ ಬಾಕ್ಸ್ 40 ಅಡಿಯದ್ದಾದರೆ ಎರಡು ಟಿಇಯು.

ಹಡಗು ದೊಡ್ಡದಾದಷ್ಟೂ ಒಂದೊಂದು ಬಾಕ್ಸ್ ಸಾಗಿಸುವ ಖರ್ಚು ಹಡಗು ಕಂಪನಿಗೆ ಕಡಿಮೆಯಾಗುತ್ತದೆ. ಆ ಉಳಿತಾಯಕ್ಕೆ ತೆರಬೇಕಾದ ಬೆಲೆ ಮಾತ್ರ ಬಂದರಿನ ತಲೆಗೆ ಬರುತ್ತದೆ. ಸಮುದ್ರದ ತಳ ಅಗೆದು ಆಳ ಮಾಡಬೇಕು, ಹಡಗು ನಿಲ್ಲುವ ಬರ್ತ್ ಉದ್ದ ಮಾಡಬೇಕು, ಹಡಗಿನ ಆಚೆ ಅಂಚಿನ ಇಪ್ಪತ್ನಾಲ್ಕನೇ ಸಾಲಿನವರೆಗೂ ಕೈಚಾಚುವ ಕ್ರೇನ್ ತರಿಸಬೇಕು. ಒಂದು ಹಡಗಿನಿಂದ ಇಳಿಸುವುದು, ಏರಿಸುವುದು ಸೇರಿ 5,000 ಬಾಕ್ಸ್ ಎಂದಿಟ್ಟುಕೊಳ್ಳಿ. ಒಂದು ಕ್ರೇನ್ ಗಂಟೆಗೆ 28 ಬಾಕ್ಸ್ ಎತ್ತಿದರೆ ಐದು ಕ್ರೇನ್ ಸೇರಿ 140. ಕೆಲಸ ಮುಗಿಯಲು 36 ಗಂಟೆ ಬೇಕು. ಹಡಗು ಕಂಪನಿ ಅಷ್ಟು ಹೊತ್ತು ಕಾಯಲು ಒಪ್ಪುವುದಿಲ್ಲ, ಇನ್ನೂ ಮೂರು ಕ್ರೇನ್ ಕೊಡಿ ಎನ್ನುತ್ತದೆ. ಕೊಟ್ಟಿರೋ, ಬಾಕ್ಸುಗಳು ಇನ್ನೂ ಬೇಗ ಬಂದು ಯಾರ್ಡಿಗೆ ಬೀಳುತ್ತವೆ. ಮೊದಲು ವಾರವಿಡೀ ಹಂಚಿಕೊಂಡು ಬರುತ್ತಿದ್ದದ್ದು ಒಂದೂವರೆ ದಿನದಲ್ಲಿ ಬರುತ್ತದೆ. ಜಾತ್ರೆ ದಿನ ಬರುವ ಜನಕ್ಕೆ ತಕ್ಕಂತೆ ಅಡುಗೆಮನೆ ಕಟ್ಟಿದ ಹಾಗೆ ಯಾರ್ಡ್, ಗೇಟ್, ರೈಲು ಎಲ್ಲವನ್ನೂ ಆ ಒಂದೂವರೆ ದಿನಕ್ಕೆ ಅಳೆದು ಕಟ್ಟಬೇಕು. ಕೋಟಿಗಳು ಹೋಗುವುದು ಇಲ್ಲಿ.

ಹಣ ಹಾಕುವವರಲ್ಲಿ ಮೂರು ಬಗೆ. ಟರ್ಮಿನಲ್ ನಡೆಸುವುದನ್ನೇ ಕಸುಬು ಮಾಡಿಕೊಂಡ ಸಿಂಗಪುರದ ಪಿಎಸ್‌ಎ, ದುಬೈನ ಡಿಪಿ ವರ್ಲ್ಡ್, ಮನಿಲಾದ ಐಸಿಟಿಎಸ್‌ಐ, ನಮ್ಮಲ್ಲಿ ಅದಾನಿ, ಜೆಎಸ್‌ಡಬ್ಲ್ಯೂ. ತಮ್ಮ ಹಡಗಿಗೆ ಜಾಗ ಖಾತ್ರಿಯಾಗಲಿ ಎಂದು ಬರುವ ಎಂಎಸ್‌ಸಿ, ಮೇರ್ಸ್ಕ್, ಕಾಸ್ಕೋದಂಥ ಹಡಗು ಕಂಪನಿಗಳು. ಮೂರನೆಯವರು ಪಿಂಚಣಿ ನಿಧಿಗಳು. ಕೆನಡಾದ ಸಿಡಿಪಿಕ್ಯು 2022ರಲ್ಲಿ ದುಬೈನ ಜೆಬೆಲ್ ಅಲಿ ಬಂದರಿನಲ್ಲಿ ಪಾಲು ಕೊಂಡಿತು. ಜಾಗ ಸಾಮಾನ್ಯವಾಗಿ ಸರ್ಕಾರದ್ದೇ ಆಗಿರುತ್ತದೆ. ಖಾಸಗಿಯವರು 30 ವರ್ಷಕ್ಕೆ ಗುತ್ತಿಗೆ ಹಿಡಿದು, ಕ್ರೇನ್ ತಂದು, ವ್ಯಾಪಾರ ನಡೆಸಿ, ಬಂದರಿಗೆ ಪಾಲು ಕೊಡುತ್ತಾರೆ. ನಮ್ಮ ದೇಶದಲ್ಲಿ ಈ ಪದ್ಧತಿ ಶುರುವಾದದ್ದು ಮುಂಬೈ ಎದುರಿನ ನ್ಹಾವಾ ಶೇವಾದಲ್ಲಿ, 1997ರ ಒಪ್ಪಂದದಿಂದ. ಮೂವತ್ತು ವರ್ಷ ತಪ್ಪದೆ ಬರುವ ಬಾಡಿಗೆಯಂಥ ಆದಾಯ, ದರ ಏರಿದಂತೆ ಏರುತ್ತದೆ. ಪಿಂಚಣಿ ನಿಧಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಆ ಆಸೆಯೇ ಕೆಲವರನ್ನು ಮುಳುಗಿಸಿದೆ. ನ್ಹಾವಾ ಶೇವಾದ ನಾಲ್ಕನೇ ಟರ್ಮಿನಲ್ಲಿಗೆ 2011ರಲ್ಲಿ ಹರಾಜಾದಾಗ ಗೆದ್ದ ಕೂಟ ತನ್ನ ಆದಾಯದ ಶೇ 50.8 ಪಾಲನ್ನು ಬಂದರಿಗೆ ಕೊಡುತ್ತೇನೆಂದು ಬರೆದುಕೊಟ್ಟಿತು. ನೂರು ರೂಪಾಯಿ ಬಂದರೆ ಐವತ್ತಕ್ಕೂ ಹೆಚ್ಚು ಅಲ್ಲಿಗೇ ಹೋಯಿತು. ಉಳಿದದ್ದರಲ್ಲಿ ಸಂಬಳ, ವಿದ್ಯುತ್, ಸಾಲದ ಬಡ್ಡಿ, ಲಾಭ. ಒಪ್ಪಂದಕ್ಕೆ ಸಹಿಯೇ ಬೀಳಲಿಲ್ಲ. ಮತ್ತೆ ಹರಾಜು ಮಾಡಿದಾಗ 2014ರಲ್ಲಿ ಪಿಎಸ್‌ಎ ಶೇ 35.79ಕ್ಕೆ ಹಿಡಿಯಿತು. ಮೂರು ವರ್ಷ ಜಾಗ ಖಾಲಿ ಬಿದ್ದಿತ್ತು, ಆ ಮೂರು ವರ್ಷವೂ ಪಕ್ಕದ ಟರ್ಮಿನಲ್‌ಗಳಲ್ಲಿ ಲಾರಿಗಳ ಸಾಲು ಬೆಳೆಯುತ್ತಲೇ ಹೋಯಿತು. 2018ರಲ್ಲಿ ತಿದ್ದಿದ ಮಾದರಿ ಒಪ್ಪಂದದಲ್ಲಿ ಕೇಂದ್ರ ಸರ್ಕಾರ ಪಾಲಿನ ಬದಲು ಟಿಇಯುಗೆ ಇಷ್ಟು ರೂಪಾಯಿ ಎಂಬ ರಾಯಧನಕ್ಕೆ ಬದಲಾಯಿಸಿದ್ದು ನನ್ನ ಮಟ್ಟಿಗೆ ಸರಿಯಾದ ತಿದ್ದುಪಡಿ. ಹರಾಜಿನಲ್ಲಿ ಎದೆಯುಬ್ಬಿಸಿ ಕೂಗಿದ ಬೆಲೆಯನ್ನು ಕೊನೆಗೆ ಕೊಡುವವರು ನಿಮ್ಮಂಥ ರಫ್ತುದಾರರೇ ತಾನೆ?

ಇನ್ನು ಸರ್ಕಾರಗಳ ಮನಸ್ಸು. ಆಫ್ರಿಕಾದ ಜಿಬೂಟಿಯಲ್ಲಿ ಡಿಪಿ ವರ್ಲ್ಡ್ 2006ರಲ್ಲಿ ಒಪ್ಪಂದ ಮಾಡಿಕೊಂಡು, ಕಟ್ಟಿ, 2009ರಲ್ಲಿ ಡೊರಾಲೆ ಟರ್ಮಿನಲ್ ಶುರುಮಾಡಿತು. 2018ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಲಂಡನ್ನಿನ ಮಧ್ಯಸ್ಥಿಕೆ ನ್ಯಾಯಮಂಡಳಿಯ ತೀರ್ಪು ಕಂಪನಿಯ ಪರ ಬಂದರೂ ಟರ್ಮಿನಲ್ ಕೈಗೆ ಬರಲಿಲ್ಲ. ಹಾಂಗ್‌ಕಾಂಗ್‌ನ ಸಿಕೆ ಹಚಿಸನ್ 2025ರ ಮಾರ್ಚ್‌ನಲ್ಲಿ ಪನಾಮಾ ಕಾಲುವೆಯ ಎರಡು ತುದಿಯ ಬಂದರುಗಳೂ ಸೇರಿದಂತೆ ಹಲವು ದೇಶಗಳ ಬಂದರುಗಳನ್ನು ಬ್ಲ್ಯಾಕ್‌ರಾಕ್ ಮತ್ತು ಎಂಎಸ್‌ಸಿ ಕೂಟಕ್ಕೆ ಮಾರುವುದಾಗಿ ಘೋಷಿಸಿದಾಗ, ಅದು ಎರಡು ಕಂಪನಿಗಳ ವ್ಯವಹಾರವಾಗಿ ಉಳಿಯಲಿಲ್ಲ. ವಾಷಿಂಗ್ಟನ್, ಬೀಜಿಂಗ್ ಎರಡೂ ಮಧ್ಯೆ ಬಂದವು. ಗ್ರೀಸಿನ ಪಿರೇಯಸ್‌ನಲ್ಲಿ ಮಾತ್ರ ಲೆಕ್ಕ ಕೂಡಿಬಂತು. 2009ರಲ್ಲಿ ಎರಡು ಧಕ್ಕೆಗಳಿಂದ ಶುರುಮಾಡಿದ ಕಾಸ್ಕೋ 2016ರಲ್ಲಿ ಇಡೀ ಬಂದರಿನ ಶೇ 51 ಪಾಲು ಕೊಂಡಿತು. ವರ್ಷಕ್ಕೆ ಹತ್ತು ಲಕ್ಷ ಟಿಇಯು ಕೂಡ ಇಲ್ಲದ ಜಾಗ 2019ಕ್ಕೆ 50 ಲಕ್ಷ ದಾಟಿತು. ಕಾರಣ ಕಾಸ್ಕೋಗೆ ಸ್ವಂತ ಹಡಗುಗಳಿದ್ದವು, ಅವನ್ನೇ ಅಲ್ಲಿಗೆ ತಿರುಗಿಸಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಯಂತ್ರೀಕರಣದ ಬಗ್ಗೆ ಇರುವಷ್ಟು ಭ್ರಮೆ ನಮ್ಮ ಕ್ಷೇತ್ರದಲ್ಲಿ ಬೇರೆ ಯಾವುದರ ಬಗ್ಗೆಯೂ ಇಲ್ಲ.

ಯಾರ್ಡ್ ಎಂದರೆ ಏನೆಂದು ಹತ್ತಿರದಿಂದ ನೋಡಿ. ಬಾಕ್ಸುಗಳನ್ನು ಒಂದರ ಮೇಲೊಂದು ಐದರ ಎತ್ತರಕ್ಕೆ, ಆರು ಸಾಲಿನಲ್ಲಿ ಪೇರಿಸಿರುತ್ತೇವೆ. ರಬ್ಬರ್ ಗಾಲಿಯ ಯಾರ್ಡ್ ಕ್ರೇನ್ ಅದರ ಮೇಲೆ ಕಾಲಗಲಿಸಿ ನಿಂತಿರುತ್ತದೆ. ರಾತ್ರಿ ಎರಡು ಗಂಟೆ, ಒಂದು ಲಾರಿ ಬಂದು ನಿಲ್ಲುತ್ತದೆ, ಅದಕ್ಕೆ ಬೇಕಾದ ಬಾಕ್ಸ್ ಎಲ್ಲಕ್ಕಿಂತ ಕೆಳಗಿದೆ. ಅಜ್ಜಿಯ ಟ್ರಂಕಿನ ಅಡಿಯ ಸೀರೆ ತೆಗೆಯಲು ಮೇಲಿನ ಎಲ್ಲ ಸೀರೆಗಳನ್ನು ಮಂಚದ ಮೇಲೆ ಹರಡಬೇಕಲ್ಲ, ಹಾಗೆ. ಕ್ರೇನ್ ಮೇಲಿನ ನಾಲ್ಕನ್ನು ಒಂದೊಂದಾಗಿ ಎತ್ತಿ ಪಕ್ಕದ ಸಾಲಿಗೆ ಇಡುತ್ತದೆ. ಪ್ರತಿ ಸಲ ಬಾಕ್ಸ್ ಹಿಡಿಯುವ ಚೌಕಟ್ಟು, ಅಂದರೆ ಸ್ಪ್ರೆಡರ್, ಇಳಿದು ನಾಲ್ಕು ಮೂಲೆಯ ರಂಧ್ರಗಳಿಗೆ ಕೂತು, ಕೊಕ್ಕೆ ತಿರುಗಿ ಕಟಕ್ಕೆಂದ ಮೇಲೆಯೇ ಎತ್ತುವುದು. ಆ ನಾಲ್ಕು ಸಲ ಎತ್ತಿದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಲಾರಿ ಕಾಯುತ್ತದೆ, ಅದರ ಹಿಂದೆ ಇನ್ನೊಂದು ಲಾರಿ, ಅದರ ಹಿಂದೆ ಮತ್ತೊಂದು. ಯಾರ್ಡಿನ ಮುಕ್ಕಾಲು ಪಾಲು ತುಂಬಿತೋ, ಹೀಗೆ ಬಿಟ್ಟಿ ಎತ್ತುವ ಕೆಲಸ ದಿಢೀರನೆ ಹೆಚ್ಚುತ್ತದೆ, ಏಕೆಂದರೆ ತೆಗೆದದ್ದನ್ನು ಇಡಲು ಒಳ್ಳೆಯ ಜಾಗವೇ ಉಳಿದಿರುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಟರ್ಮಿನಲ್‌ನಲ್ಲಿ ನಾಲ್ಕು ಹೊಸ ಕ್ರೇನ್ ಬಂದವು. ಬರ್ತಿನಲ್ಲಿ ಎಲ್ಲರೂ ಸಂಭ್ರಮಿಸಿದರು, ಹಡಗುಗಳು ಮೊದಲಿಗಿಂತ ಬೇಗ ಹೊರಡತೊಡಗಿದವು. ಎರಡೇ ತಿಂಗಳಲ್ಲಿ ಯಾರ್ಡ್ ಉಸಿರುಗಟ್ಟಿತು. ಗೇಟು ಮಾತ್ರ ಹಳೆಯದೇ, ಕಾಗದ ನೋಡಿ ಸೀಲ್ ಮುಟ್ಟಿ ನೋಡಿ ಬಿಡುವ ಅವೇ ನಾಲ್ಕು ಲೇನ್. ಲಾರಿ ಚಾಲಕರು ಹದಿನಾಲ್ಕು ಗಂಟೆ ಸಾಲಿನಲ್ಲಿ ನಿಂತ ರಾತ್ರಿಗಳಿವೆ. ಒಬ್ಬ ಚಾಲಕ ಇಂಜಿನ್ ಬಂದ್ ಮಾಡಿ, ಬಾನೆಟ್ ಮೇಲೆ ಕೂತು ಅನ್ನ ಕಲಸಿಕೊಳ್ಳುತ್ತಾ ‘ಸಾರ್, ಒಳಗೆ ಎಲ್ಲಾ ಹೊಸದು ಅಂತಾರೆ, ನಮಗೇನು ಹೊಸದು?’ ಎಂದು ಕೇಳಿದ. ಅವನಿಗೆ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ. ಆ ಹಣದ ಹತ್ತನೇ ಒಂದು ಪಾಲು ಗೇಟಿಗೆ ಹಾಕಿದ್ದರೆ ಸಾಕಿತ್ತು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ.

ಪೂರ್ತಿ ಯಂತ್ರೀಕರಣದ ಕಥೆಯೂ ಇದಕ್ಕೆ ಹತ್ತಿರವೇ. ರಾಟರ್‌ಡ್ಯಾಮ್‌ನ ಡೆಲ್ಟಾ ಟರ್ಮಿನಲ್ 1993ರಲ್ಲೇ ಚಾಲಕರಿಲ್ಲದ ಗಾಡಿಗಳನ್ನು ಇಳಿಸಿತು. ಶಾಂಘೈನ ಯಾಂಗ್‌ಶಾನ್ ನಾಲ್ಕನೇ ಹಂತ 2017ರ ಡಿಸೆಂಬರ್‌ನಲ್ಲಿ ಬಂತು. ಸಿಂಗಪುರದ ತುವಾಸ್ 2022ರಲ್ಲಿ ಉದ್ಘಾಟನೆಯಾಯಿತು. 2040ರ ದಶಕದಲ್ಲಿ ಪೂರ್ತಿಯಾದಾಗ ವರ್ಷಕ್ಕೆ 6.5 ಕೋಟಿ ಟಿಇಯು ಸಾಮರ್ಥ್ಯ. ಇವೆಲ್ಲ ಖಾಲಿ ಜಾಗದಲ್ಲಿ, ಸಮುದ್ರ ತುಂಬಿ ಮಾಡಿದ ನೆಲದ ಮೇಲೆ, ಮೊದಲ ದಿನದಿಂದ ಯಂತ್ರಕ್ಕೆಂದೇ ನಕ್ಷೆ ಹಾಕಿ ಕಟ್ಟಿದವು. ನಡೆಯುತ್ತಿರುವ ಟರ್ಮಿನಲ್ಲನ್ನು ನಡೆಯುತ್ತಲೇ ಯಂತ್ರಕ್ಕೆ ಬದಲಾಯಿಸುವುದು ಬೇರೆಯದೇ ಕೆಲಸ. ನ್ಯೂಜಿಲೆಂಡಿನ ಆಕ್ಲೆಂಡ್ ಬಂದರು ವರ್ಷಗಟ್ಟಲೆ ಒದ್ದಾಡಿ 2022ರ ಜೂನ್‌ನಲ್ಲಿ ಆ ಯೋಜನೆಯನ್ನೇ ಕೈಬಿಟ್ಟು, ಸುಮಾರು 6.5 ಕೋಟಿ ನ್ಯೂಜಿಲೆಂಡ್ ಡಾಲರ್ ನಷ್ಟ ಬರೆದುಕೊಂಡಿತು. ಅಂತರರಾಷ್ಟ್ರೀಯ ಸಾರಿಗೆ ವೇದಿಕೆ 2021ರಲ್ಲಿ ಲೆಕ್ಕ ಹಾಕಿ ಹೇಳಿದ್ದೂ ಇದನ್ನೇ: ಯಂತ್ರೀಕೃತ ಬಂದರುಗಳು ಸಾಮಾನ್ಯವಾಗಿ ಉಳಿದವಕ್ಕಿಂತ ಹೆಚ್ಚು ಉತ್ಪಾದಕವೇನಲ್ಲ. ಕೂಲಿ ದುಬಾರಿಯಾದ ದೇಶದಲ್ಲಿ ಸಂಬಳದ ಖರ್ಚು ಇಳಿಯುತ್ತದೆ, ಅಪಘಾತ ಕಡಿಮೆಯಾಗುತ್ತದೆ. ಬಾಕ್ಸ್ ಬೇಗ ಹೋಗುತ್ತದೆ ಎಂಬ ಖಾತ್ರಿ ಇಲ್ಲ.

ನಮ್ಮಂಥ ದೇಶಕ್ಕೆ ನನಗೆ ಮೆಚ್ಚುಗೆಯಾದದ್ದು ವಿಳಿಂಜಂನ ದಾರಿ. ಯಾರ್ಡ್ ಕ್ರೇನ್‌ಗಳನ್ನು ದೂರದ ಕೊಠಡಿಯಲ್ಲಿ ಕೂತು ನಡೆಸುತ್ತಾರೆ. ನಡೆಸುವವರಲ್ಲಿ ಅಲ್ಲಿನ ಮೀನುಗಾರ ಕುಟುಂಬಗಳ ಹೆಣ್ಣುಮಕ್ಕಳಿದ್ದಾರೆ. ಬಿಸಿಲಿನಲ್ಲಿ ಅಷ್ಟೆತ್ತರದ ಡಬ್ಬಿಯೊಳಗೆ ಎಂಟು ಗಂಟೆ ಕತ್ತು ಬಗ್ಗಿಸಿ ಕೂರುವ ಕೆಲಸ ಹೋಯಿತು, ಕೆಲಸಗಾರರು ಉಳಿದರು. ಅದೇ ಬಂದರಿನ ವಿರುದ್ಧ 2022ರಲ್ಲಿ ಮೀನುಗಾರರು ತಿಂಗಳುಗಟ್ಟಲೆ ಧರಣಿ ಕೂತಿದ್ದರು ಎಂಬುದನ್ನೂ ಮರೆಯಬಾರದು. ವಾಧವನ್‌ಗೆ 76,220 ಕೋಟಿ ರೂಪಾಯಿ ಹಾಕಲು ಹೊರಟವರು ದಹಾಣು ಕರಾವಳಿಯ ಮೀನುಗಾರರ ಮಾತನ್ನು ಕ್ರೇನ್ ಬರುವ ಮೊದಲೇ ಕೇಳಿಸಿಕೊಳ್ಳಬೇಕು.

ವಿಳಿಂಜಂಗೂ ಕೊಚ್ಚಿಯ ವಲ್ಲಾರ್‌ಪಾಡಂಗೂ ಹೋಲಿಸಿ ನೋಡಿ. ವಲ್ಲಾರ್‌ಪಾಡಂ 2011ರ ಫೆಬ್ರವರಿಯಲ್ಲಿ, ಕೊಲಂಬೊದ ವ್ಯಾಪಾರವನ್ನು ಕಸಿಯುತ್ತೇವೆಂಬ ದೊಡ್ಡ ಮಾತಿನೊಂದಿಗೆ ಶುರುವಾಯಿತು. ಹಿನ್ನೀರಿನ ಹೂಳು ವರ್ಷ ವರ್ಷವೂ ತುಂಬುತ್ತದೆ, ವರ್ಷ ವರ್ಷವೂ ಎತ್ತಬೇಕು, ಆ ಖರ್ಚು ನಿಲ್ಲುವುದೇ ಇಲ್ಲ. ಅಂದುಕೊಂಡಷ್ಟು ದೊಡ್ಡ ಹಡಗುಗಳು ಬರಲಿಲ್ಲ. ವಿಳಿಂಜಂನಲ್ಲಿ ದಡದ ಹತ್ತಿರವೇ 18ರಿಂದ 20 ಮೀಟರ್ ಆಳ ಹುಟ್ಟಿನಿಂದಲೇ ಇದೆ, ಅಂತರರಾಷ್ಟ್ರೀಯ ಹಡಗು ಮಾರ್ಗ ಸುಮಾರು 10 ನಾಟಿಕಲ್ ಮೈಲಿ ದೂರ. 2024ರ ಡಿಸೆಂಬರ್‌ನಲ್ಲಿ ವಾಣಿಜ್ಯ ಕೆಲಸ ಆರಂಭವಾಗಿ ಒಂದು ವರ್ಷದೊಳಗೆ ಹತ್ತು ಲಕ್ಷ ಟಿಇಯು ದಾಟಿತು. ಆದರೆ ಅದು ಹೆಚ್ಚುಕಡಿಮೆ ಎಲ್ಲವೂ ಹಡಗಿನಿಂದ ಹಡಗಿಗೆ ಹೋದ ಬಾಕ್ಸ್. ರೈಲು ಮಾರ್ಗ ಕೂಡಿಸುವ ಮೊದಲೇ ಬಂದರು ಶುರುವಾದದ್ದರಿಂದ ನಿಮ್ಮಂಥವರ ಸರಕಿಗೆ ಬಾಗಿಲು ತಡವಾಯಿತು.

ನಿಮ್ಮ ಚೆನ್ನೈನದ್ದೂ ಬಾಗಿಲಿನದೇ ತೊಂದರೆ. ಅಲ್ಲಿ ಕ್ರೇನಿಗೆ ಕೊರತೆ ಇಲ್ಲ, ಹಡಗಿಗೂ ಇಲ್ಲ. ಊರು ಬೆಳೆದು ಬಂದರನ್ನು ಸುತ್ತಿಕೊಂಡಿದೆ. ಬೆಂಗಳೂರು ಹೆದ್ದಾರಿ ಬಂದು ಸೇರುವ ಮದುರವಾಯಲ್‌ನಿಂದ ಬಂದರಿಗೆ ಸುಮಾರು 20 ಕಿ.ಮೀ. ಮೇಲ್ಸೇತುವೆ ಕಟ್ಟಲು 2009ರಲ್ಲಿ ಶಂಕುಸ್ಥಾಪನೆಯಾಗಿ, ಕೆಲಸ 2012ರಲ್ಲಿ ನಿಂತುಹೋಯಿತು. ಕೂವಂ ನದಿಯಲ್ಲಿ ಕಂಬ ನೆಡುವ ಬಗ್ಗೆ ತಕರಾರು. ಅರ್ಧ ಎದ್ದ ಕಂಬಗಳು ಹತ್ತು ವರ್ಷ ನಿಂತೇ ಇದ್ದವು, 2022ರಲ್ಲಿ ಮತ್ತೆ ಶಂಕುಸ್ಥಾಪನೆಯಾಯಿತು. ಅಷ್ಟರೊಳಗೆ ಊರಿನ ಉತ್ತರದ ಕಾಟ್ಟುಪಳ್ಳಿ, ಎನ್ನೂರುಗಳಿಗೆ ಸರಕು ಸರಿದುಹೋಯಿತು. ಟರ್ಮಿನಲ್ಲಿನ ಬೆಲೆಯನ್ನು ಇಪ್ಪತ್ತು ಕಿಲೋಮೀಟರ್ ರಸ್ತೆ ಹೇಗೆ ತಿನ್ನುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಿಮಗೆ ಬೇಕಿಲ್ಲ.

ಮಂಗಳೂರಿನ ಬಗ್ಗೆ ಕೇಳಿದಾಗ ಮನಸ್ಸು ಭಾರವಾಗುತ್ತದೆ, ನಾನು ಆ ಕಡೆಯವನು. ಬೆಂಗಳೂರಿನಿಂದ ಚೆನ್ನೈಗೂ ಮಂಗಳೂರಿಗೂ ಹೆಚ್ಚುಕಡಿಮೆ ಒಂದೇ ದೂರ, 350 ಕಿ.ಮೀ. ಪಣಂಬೂರಿನ ಬಂದರಿನಲ್ಲಿ 14ನೇ ಬರ್ತನ್ನು ಕಂಟೇನರಿಗಾಗಿ ಯಾಂತ್ರೀಕರಿಸುವ ಕೆಲಸ ಜೆಎಸ್‌ಡಬ್ಲ್ಯೂ ಕೈಗೆ ಬಂದಿದೆ, ಒಳ್ಳೆಯ ಕ್ರೇನ್‌ಗಳಿವೆ. ಕಾಫಿ, ಗೋಡಂಬಿ ಅಲ್ಲಿಂದ ಚೆನ್ನಾಗಿ ಹೋಗುತ್ತಿದೆ. ಆದರೂ ವರ್ಷಕ್ಕೆ ಎರಡು ಲಕ್ಷದ ಆಸುಪಾಸು ಟಿಇಯು. ನ್ಹಾವಾ ಶೇವಾ 70 ಲಕ್ಷ ದಾಟಿದೆ. ನಡುವೆ ಘಟ್ಟ ಇದೆ. 2024ರ ಜುಲೈನಲ್ಲಿ ಶಿರಾಡಿಯ ದೊಡ್ಡತಪ್ಲು ಬಳಿ ಗುಡ್ಡ ರಸ್ತೆಗೆ ಕುಸಿಯಿತು, ಅದೇ ತಿಂಗಳು ಯಡಕುಮಾರಿ ಹತ್ತಿರ ರೈಲು ಹಳಿಯ ಕೆಳಗಿನ ಮಣ್ಣೇ ಕೊಚ್ಚಿಹೋಗಿ ವಾರಕ್ಕೂ ಹೆಚ್ಚು ಕಾಲ ರೈಲು ನಿಂತಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ 55 ಕಿ.ಮೀ., 57 ಸುರಂಗ, 50 ಅಡಿಗೆ ಒಂದು ಅಡಿ ಏರು. ಭಾರದ ಕಂಟೇನರ್ ರೈಲು ಹತ್ತಲು ಹಿಂದಿನಿಂದ ನೂಕುವ ಇಂಜಿನ್‌ಗಳು ಬೇಕು. ಯಾವ ತಿಂಗಳು ದಾರಿ ಇರುತ್ತದೋ ಇಲ್ಲವೋ ಎಂದು ತಿಳಿಯದ ರಫ್ತುದಾರ ವರ್ಷದ ಒಪ್ಪಂದವನ್ನು ಮಂಗಳೂರಿಗೆ ಬರೆಯುವುದಿಲ್ಲ. ಸರಕು ಸಾಲದಿದ್ದರೆ ದೊಡ್ಡ ಹಡಗು ಬರುವುದಿಲ್ಲ. ಹಡಗು ಬರದಿದ್ದರೆ ಬಾಕ್ಸ್ ಕೊಲಂಬೊದಲ್ಲಿ ಇಳಿದು ಮತ್ತೊಂದು ಹಡಗು ಹತ್ತಬೇಕು, ಅಲ್ಲಿ ಇನ್ನಷ್ಟು ದಿನ. ಮಂಗಳೂರಿಗೆ ಹಾಕಲು ನೂರು ಕೋಟಿ ನನ್ನ ಕೈಯಲ್ಲಿದ್ದರೆ ಒಂದು ರೂಪಾಯಿಯನ್ನೂ ಬರ್ತಿಗೆ ಹಾಕುವುದಿಲ್ಲ, ಎಲ್ಲವನ್ನೂ ಘಟ್ಟಕ್ಕೇ ಹಾಕುತ್ತೇನೆ. ಮಳೆಗಾಲದ ನಾಲ್ಕು ತಿಂಗಳೂ ನಂಬಬಹುದಾದ ದಾರಿ ಆದ ದಿನ ಪೀಣ್ಯದ ಬಾಕ್ಸ್ ತಾನಾಗಿ ಪಶ್ಚಿಮಕ್ಕೆ ತಿರುಗುತ್ತದೆ. ನಿಮ್ಮ ಸರಕು ಹೋಗಬೇಕಾದ ದಿಕ್ಕೂ ಅದೇ.

ಷೇರಿನ ಬಗ್ಗೆ ಹೆಚ್ಚು ಹೇಳಲಾರೆ, ಅದು ನನ್ನ ಕಸುಬಲ್ಲ. ವಾರ್ಷಿಕ ವರದಿಯಲ್ಲಿ ಎರಡು ವಿಷಯ ಹುಡುಕಿ. ಗುತ್ತಿಗೆಯ ಎಷ್ಟು ವರ್ಷ ಉಳಿದಿದೆ? ಬರುವ ಬಾಕ್ಸಿನಲ್ಲಿ ಆ ನಾಡಿನದೇ ಸರಕು ಎಷ್ಟು, ಹಡಗಿನಿಂದ ಹಡಗಿಗೆ ದಾಟುವುದು ಎಷ್ಟು? ದಾಟುವ ಸರಕು ಬಿಟ್ಟುಹೋಗಲು ಹೊತ್ತು ಬೇಕಿಲ್ಲ. 2000ದಲ್ಲಿ ಮೇರ್ಸ್ಕ್ ಸಿಂಗಪುರ ಬಿಟ್ಟು ಪಕ್ಕದ ಮಲೇಷ್ಯಾದ ತಂಜುಂಗ್ ಪೆಲೆಪಾಸ್‌ಗೆ ಹೋಯಿತು, ಎರಡು ವರ್ಷಕ್ಕೆ ಎವರ್‌ಗ್ರೀನ್ ಕೂಡ ಹಿಂದೆ ಹೋಯಿತು. ಸಿಂಗಪುರದಂಥ ಬಂದರಿಗೇ ಹಾಗಾಗಿದೆ.

ಕೊನೆಗೆ ನೀವು ಮಾಡಬಹುದಾದ ಕೆಲಸ. ಕಾರ್ಖಾನೆಯಲ್ಲೇ ತುಂಬಿ ಆರ್‌ಎಫ್‌ಐಡಿ ಸೀಲ್ ಹಾಕಿ ಕಳಿಸುತ್ತಿದ್ದೀರಾ, ಅಥವಾ ಚೆನ್ನೈನ ಗೋದಾಮಿನಲ್ಲಿ ತುಂಬಿಸುತ್ತಿದ್ದೀರಾ? ಎರಡನೆಯದಾದರೆ ಅದನ್ನು ಮೊದಲು ಬಿಡಿ. ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋದಲ್ಲಿ (ಐಸಿಡಿ) ಕಸ್ಟಮ್ಸ್ ಮುಗಿಸಿ ರೈಲಿನಲ್ಲಿ ಕಳಿಸಿದರೆ ಬಾಕ್ಸ್ ಚೆನ್ನೈನ ರಸ್ತೆಯ ಗೇಟಿಗೆ ಹೋಗುವುದೇ ಇಲ್ಲ. ಒಂದೆರಡು ಬಾಕ್ಸ್ ಹಾಗೆ ಕಳಿಸಿ ನೋಡಿ. ಪ್ರತಿ ಬಾಕ್ಸಿಗೂ ನಾಲ್ಕು ಸಮಯ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ: ಕಾರ್ಖಾನೆ ಬಿಟ್ಟದ್ದು, ಟರ್ಮಿನಲ್ ಗೇಟ್ ಒಳಗೆ ಹೋದದ್ದು, ಆ ಹಡಗಿನ ಕಟ್-ಆಫ್ (ಬಾಕ್ಸ್ ಒಪ್ಪಿಸುವ ಕೊನೆಯ ಗಡುವು), ಹಡಗು ನಿಜವಾಗಿ ಹೊರಟದ್ದು. ಗೇಟಿನ ಸಮಯ ನಿಮ್ಮ ಕಸ್ಟಮ್ಸ್ ಏಜೆಂಟ್ (ಸಿಎಚ್‌ಎ) ಹತ್ತಿರ ಇರುತ್ತದೆ, ಕಂಟೇನರ್ ನಂಬರ್ ಹಾಕಿ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕಿನಲ್ಲೂ ನೋಡಬಹುದು. ಆರು ಬಾಕ್ಸಿನ ಲೆಕ್ಕ ಆದ ಮೇಲೆ ಆ ಪುಟದ ಫೋಟೊ ನನಗೆ ಕಳಿಸಿ. ಚೆನ್ನೈ, ಕಾಟ್ಟುಪಳ್ಳಿ, ಎನ್ನೂರುಗಳಲ್ಲಿ ನಿಮಗೆ ಯಾವುದು ಸರಿ ಎಂದು ಕೂತು ನೋಡೋಣ.